ಟ್ರಿಪ್ಪಿನ ಕೊನೇ ಮೂರು ದಿನ: ಮಾವನ ಕಾಲು ಊದಿದೆ, ಮಗುಗೆ ಭೇದಿ, ಈಗ್ಲೇ ವಾಪಸ್ ಹೊರಟುಬಿಡೋದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮೂರು ತೀರ್ಥಹಳ್ಳಿ ಹತ್ರ. ಅಡಿಕೆ ಕೆಲಸ ಎಲ್ಲಾ ಮುಗಿಸ್ಕೊಂಡು ಮನೆಯವರೆಲ್ಲ ಸೇರಿ ಒಂಬತ್ತು ದಿನಕ್ಕೆ ಅಂಡಮಾನ್‌ಗೆ ಬಂದಿದೀವಿ. ಮಾವ (74), ಅತ್ತೆ (68), ನಾವಿಬ್ರು, ನಮ್ಮ ಮಕ್ಕಳಿಬ್ರು (11 ಮತ್ತು 5), ನಾದಿನಿ, ಅವ್ರ ಯಜಮಾನ್ರು, ಒಟ್ಟು ಎಂಟು ಜನ. ಈಗ ಹ್ಯಾವ್‌ಲಾಕ್ ದ್ವೀಪದಲ್ಲಿ ಇದೀವಿ, ಇನ್ನು ಮೂರು ದಿನ ಇದೆ. ನಾಲ್ಕು ದಿನದಿಂದ ಮಾವನ ಎರಡೂ ಪಾದ ಊದ್ಕೊಂಡಿದೆ, ಚಪ್ಪಲಿ ಹಿಡೀತಿಲ್ಲ. ಅತ್ತೆ ಸಮುದ್ರದ ಉಪ್ಪುನೀರು ಕಾಲಿಗೆ ಹತ್ತಿದೆ ಅಂತಾರೆ, ನಾದಿನಿ ಯಜಮಾನ್ರು ಕಿಡ್ನಿ ಹೋಗಿದೆ ಅಂತ ಹೆದರಿಸ್ತಿದಾರೆ. ಮಾವನಿಗೆ ಬಿಪಿ, ಶುಗರ್ ಇದೆ, ಹಾರ್ಟ್ ಪಂಪಿಂಗ್ ಸ್ವಲ್ಪ ಕಮ್ಮಿ ಅಂತ ಎರಡು ವರ್ಷದ ಹಿಂದೆ ಹೇಳಿದ್ರು. ಬಿಪಿಗೆ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್, ಶುಗರಿಗೆ ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್, ಜೊತೆಗೆ ಬೆಳಿಗ್ಗೆ ಒಂದು ನೀರಿನ ಮಾತ್ರೆ. ಬೋಟಲ್ಲಿ ಟಾಯ್ಲೆಟ್ ಕಷ್ಟ ಅಂತ ನೀರಿನ ಮಾತ್ರೆ ಬಿಟ್ಟಿದಾರಂತೆ, ಇವತ್ತು ಗೊತ್ತಾಯ್ತು. ಚಿಕ್ಕವನಿಗೆ ನಿನ್ನೆಯಿಂದ ಆರು ಸಲ ಭೇದಿ ಆಗಿದೆ. ಕೊನೇ ದಿನ ಬೆಳಿಗ್ಗೆ ನಮ್ಮನೆಯವ್ರು ಸ್ಕೂಬಾ ಬುಕ್ ಮಾಡಿದಾರೆ, ಮಧ್ಯಾಹ್ನ ಫ್ಲೈಟು. ಮಾವ ಏನು ಕೇಳಿದ್ರೂ "ನಾನು ಆರಾಮಿದೀನಿ, ನನ್ನಿಂದ ಮಕ್ಕಳ ಖುಷಿ ಹಾಳಾಗೋದು ಬೇಡ" ಅಂತಾರೆ. ಟಿಕೆಟ್ ಕ್ಯಾನ್ಸಲ್ ಮಾಡಿ ಬಂದುಬಿಡೋದಾ, ಇರೋದಾ?

ಉತ್ತರ: ನೋಡಮ್ಮ, ಮುಖ್ಯವಾದ ನಾಲ್ಕು ಸಾಲು ನಿಮಗೆ ಆಗ್ಲೇ ಮೆಸೇಜ್ ಮಾಡಿದೀನಿ, ಈಗ ಕೂತು ಪೂರ್ತಿ ಬರೀತಿದೀನಿ. ನಿಮ್ಮ ಪ್ರಶ್ನೆಯಲ್ಲಿ ಸ್ಕೂಬಾ ಇದೆ, ಭೇದಿ ಇದೆ, ಟಿಕೆಟ್ ಇದೆ, ಆದ್ರೆ ನನ್ನ ಕಣ್ಣು ನಿಂತಿದ್ದು ಆ ನೀರಿನ ಮಾತ್ರೆ ಮೇಲೆ ಮತ್ತೆ "ನಾನು ಆರಾಮಿದೀನಿ" ಅನ್ನೋ ಮಾತಿನ ಮೇಲೆ. ಶಿವಮೊಗ್ಗದಲ್ಲಿ ಇಷ್ಟು ವರ್ಷ ಪ್ರಾಕ್ಟೀಸ್ ಮಾಡಿ ನಾನು ಕಂಡಿದ್ದು ಏನಂದ್ರೆ, ಯಾತ್ರೆಗೋ ಟೂರಿಗೋ ಹೋಗಿ ಬಂದ ಹಿರಿಯರು ಆಸ್ಪತ್ರೆಗೆ ಬರೋದು ಮೊದಲ ಎರಡು ದಿನದ ತೊಂದರೆಗಲ್ಲ, ಆರನೇ ದಿನಕ್ಕೋ ಏಳನೇ ದಿನಕ್ಕೋ ಶುರುವಾಗಿ ಮನೆ ಸೇರೋ ತನಕ ಮುಚ್ಚಿಟ್ಟುಕೊಂಡ ತೊಂದರೆಗೆ. ಒಂದು ಮಾತ್ರೆ ಬಿಟ್ಟಿದ್ದು, ಎರಡು ಗ್ಲಾಸ್ ನೀರು ಕಮ್ಮಿ ಕುಡಿದಿದ್ದು, ಒಂದು ರಾತ್ರಿ ನಿದ್ದೆ ಇಲ್ಲದ್ದು, ಒಂದೊಂದೇ ನೋಡಿದ್ರೆ ಏನೂ ಅಲ್ಲ, ಎಲ್ಲಾ ಕೂಡಿ ಕೊನೇ ಮೂರು ದಿನದಲ್ಲಿ ಲೆಕ್ಕ ಕೇಳುತ್ತೆ. ನಾವು ನೋಡಿದ್ರೆ ಅದೇ ಮೂರು ದಿನಕ್ಕೆ ಬಾಕಿ ಉಳಿದ ಜಾಗ ಎಲ್ಲಾ ತುರುಕಿರ್ತೀವಿ.

ಅತ್ತೆ ಹೇಳಿದ ಉಪ್ಪುನೀರಿನ ವಿಷಯ ಮೊದಲು. ಸಮುದ್ರದಲ್ಲಿ ನಿಂತ್ರೆ ಉಪ್ಪು ಚರ್ಮದಿಂದ ಒಳಗೆ ಹೋಗಿ ಕಾಲು ಊದಲ್ಲ, ಅದು ಸುಳ್ಳು. ಆದ್ರೆ ಉಪ್ಪು ಅನ್ನೋ ಮಾತು ಪೂರ್ತಿ ಸುಳ್ಳಲ್ಲ ಕಣಮ್ಮ, ಒಳಗೆ ಹೋಗಿರೋದು ಬಾಯಿಂದ. ನಿಮ್ಮ ಪತ್ರದಲ್ಲಿ ಇಲ್ಲ, ಆದ್ರೂ ನಮ್ಮ ಕಡೆಯವರ ಬ್ಯಾಗು ನನಗೆ ಗೊತ್ತು, ಮಿಡಿ ಉಪ್ಪಿನಕಾಯಿ ಜಾಡಿ, ಚಟ್ನಿಪುಡಿ, ಹಪ್ಪಳ ಇಲ್ಲದೆ ತೀರ್ಥಹಳ್ಳಿಯಿಂದ ಯಾರೂ ಹೊರಡಲ್ಲ. ಅಲ್ಲಿನ ಊಟ ಬಾಯಿಗೆ ಹಿಡಿಸದೆ ಮೂರು ಹೊತ್ತೂ ಅನ್ನ-ಮೊಸರು-ಉಪ್ಪಿನಕಾಯಿ ಆದ್ರೆ ಆ ಉಪ್ಪು ಮೈಯಲ್ಲಿ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ, ಅದನ್ನ ಹೊರಗೆ ಹಾಕೋ ಮಾತ್ರೆಯನ್ನ ಅವ್ರು ಬಿಟ್ಟಿದಾರೆ. ಇವತ್ತು ರಾತ್ರಿಯಿಂದ ಜಾಡಿ ಒಳಗಿಡಿ.

ಎರಡನೇದು ಬಿಸಿಲು. ನಾವು ಹಳ್ಳಿಯವರು, ತೋಟದಲ್ಲಿ ದುಡಿದವರು, ಬಿಸಿಲೇನು ಹೊಸದಾ ಅಂತ ಮಾವ ಹೇಳಿರ್ತಾರೆ. ಮ್ಯಾಪ್ ನೋಡಿದ್ರೆ ಅದು ಸರಿ ಅನ್ಸುತ್ತೆ, ಯಾಕಂದ್ರೆ ಹ್ಯಾವ್‌ಲಾಕ್ ಇರೋದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ, ತೀರ್ಥಹಳ್ಳಿ ಹದಿಮೂರೂವರೆ ದಾಟಿ ಸ್ವಲ್ಪ, ಎರಡೂ ಉಷ್ಣವಲಯವೇ. ವ್ಯತ್ಯಾಸ ಇರೋದು ನೆರಳಲ್ಲಿ ಮತ್ತೆ ಎತ್ತರದಲ್ಲಿ. ನಿಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ತೋಟದಲ್ಲಿ ಅಡಿಕೆ ಮರದ ಚಪ್ಪರ ಇದೆ, ಈ ತಿಂಗಳಲ್ಲಿ ರಾತ್ರಿ ತಂಪಾಗುತ್ತೆ. ಅಲ್ಲಿ ಸಮುದ್ರದ ಮಟ್ಟ, ರಾತ್ರೀನೂ ಸೆಕೆ, ಗಾಳಿಯಲ್ಲಿ ತೇವ ಇರೋದ್ರಿಂದ ಬೆವರು ಆರಲ್ಲ, ಆರದಿದ್ರೆ ಮೈ ತಣಿಯಲ್ಲ. ಮೈ ತಣಿಸೋಕೆ ದೇಹ ಚರ್ಮದ ರಕ್ತನಾಳಗಳನ್ನ ಅಗಲ ಮಾಡುತ್ತೆ, ನಿಂತಾಗ ಕೂತಾಗ ನೀರು ಪಾದಕ್ಕೆ ಇಳಿಯುತ್ತೆ. ಹೊಸ ಸೆಕೆಗೆ ಒಗ್ಗೋಕೆ ವಾರದಿಂದ ಎರಡು ವಾರ ಬೇಕು, ವಯಸ್ಸಾದವರಿಗೆ ಇನ್ನೂ ನಿಧಾನ, ಅಂದ್ರೆ ಒಗ್ಗೋ ಹೊತ್ತಿಗೆ ವಾಪಸ್ ಬರೋ ದಿನ ಆಗಿರುತ್ತೆ. ಇದರ ಮೇಲೆ ಆಮ್ಲೋಡಿಪಿನ್ ಬೇರೆ, ಆ ಮಾತ್ರೆಗೆ ಸೆಕೆ ಇಲ್ಲದಿದ್ರೂ ಕೆಲವರಿಗೆ ಪಾದ ಊದುತ್ತೆ. ಹಾಗಂತ ಅದನ್ನ ನೀವಾಗಿ ನಿಲ್ಲಿಸ್ಬೇಡಿ.

ಹಾಗಾಗಿ ಎರಡೂ ಕಾಲು ಸಮವಾಗಿ ಊದಿ, ಸಂಜೆ ಜಾಸ್ತಿಯಾಗಿ, ರಾತ್ರಿ ಮಲಗಿ ಎದ್ದಾಗ ಕಮ್ಮಿಯಾಗ್ತಿದ್ರೆ ಅರ್ಧ ಭಯ ಬಿಡಬಹುದು. ಅರ್ಧ ಅಂತ ಯಾಕಂದೆ ಅಂದ್ರೆ ಅವ್ರ ಪಂಪಿಂಗ್ ಕಮ್ಮಿ ಇದೆ. ಇಂಥವರಲ್ಲಿ ನೀರಿನ ಮಾತ್ರೆ ನಾಲ್ಕೈದು ದಿನ ಬಿಟ್ರೆ ಮೊದಲು ಪಾದ ತುಂಬುತ್ತೆ, ಆಮೇಲೆ ಶ್ವಾಸಕೋಶಕ್ಕೆ ನೀರು ಬರುತ್ತೆ. ಅದು ಗೊತ್ತಾಗೋಕೆ "ಹುಷಾರಿದೀರಾ ಮಾವ" ಅಂತ ಕೇಳಿದ್ರೆ ಪ್ರಯೋಜನ ಇಲ್ಲ, ಅದಕ್ಕೆ ಉತ್ತರ "ಆರಾಮಿದೀನಿ" ಅಂತಲೇ. ನಿನ್ನೆ ರಾತ್ರಿ ಎಷ್ಟು ದಿಂಬು ಹಾಕ್ಕೊಂಡು ಮಲಗಿದ್ರಿ ಅಂತ ಕೇಳಿ. ರಾತ್ರಿ ಕೆಮ್ಮು ಬಂದು ಎದ್ದು ಕೂತಿದ್ರಾ ಅಂತ ಅತ್ತೆಯನ್ನ ಕೇಳಿ, ಯಾಕಂದ್ರೆ ಅತ್ತೆಗೆ ಗೊತ್ತಿರುತ್ತೆ. ಮೊನ್ನೆ ಹತ್ತಿದ ಮೆಟ್ಟಿಲನ್ನ ಇವತ್ತು ಮಧ್ಯೆ ನಿಂತು ಹತ್ತಿದ್ರಾ ನೋಡಿ. ಎಲುಬಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿದು ಬಿಟ್ಟಾಗ ಗುಳಿ ಬೀಳೋದು ಪಾದದಲ್ಲಿ ಮಾತ್ರಾನಾ, ಮೊಣಕಾಲ ತನಕ ಬರ್ತಿದೆಯಾ ನೋಡಿ. ಅಂಗಾತ ಮಲಗಿದ್ರೆ ಉಸಿರು ಕಟ್ಟುತ್ತೆ, ದಿಂಬು ಜಾಸ್ತಿಯಾಗಿದೆ, ಎದೆ ಬಿಗಿತ ಇದೆ ಅಂದ್ರೆ ಮಾತ್ರೆ ಶುರು ಮಾಡಿ ಕಾಯೋ ಮಾತೇ ಇಲ್ಲ, ಆ ಕ್ಷಣ ಆಸ್ಪತ್ರೆ. ಒಂದೇ ಕಾಲು ಊದಿ ಮೀನಖಂಡ ನೋಯ್ತಿದ್ರೆ ಅದು ರಕ್ತ ಹೆಪ್ಪುಗಟ್ಟಿರೋ ಲಕ್ಷಣ ಇರಬಹುದು, ಒಂದೇ ಪಾದ ಕೆಂಪಗೆ ಬಿಸಿಯಾಗಿದ್ರೆ ಸೋಂಕು, ಅವೂ ಕಾಯೋ ವಿಷಯ ಅಲ್ಲ.

ನಮ್ಮ ಅಮ್ಮ ಹೀಗೇ ಮಾಡಿದ್ರು. ಮೊಮ್ಮಕ್ಕಳ ಜೊತೆ ಸಮುದ್ರದ ಊರಿಗೆ ಕರ್ಕೊಂಡು ಹೋಗಿದ್ವಿ, ಕೊನೇ ಎರಡು ರಾತ್ರಿ ಅವ್ರು ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದ್ದು ಊರಿಗೆ ಬಂದ ಮೇಲೆ ಗೊತ್ತಾಯ್ತು. ಡಾಕ್ಟರ್ ಮಗ ಪಕ್ಕದ ರೂಮಲ್ಲೇ ಇದ್ದ, ಆದ್ರೂ ಹೇಳಲಿಲ್ಲ, ಮಕ್ಕಳು ನಗ್ತಿದ್ದಾರೆ ಅನ್ನೋ ಒಂದೇ ಕಾರಣಕ್ಕೆ. ಆಮೇಲೆ ಗುಣ ಆದ್ರು, ಆದ್ರೆ ಅವತ್ತಿನಿಂದ ನಾನು ಹಿರಿಯರನ್ನ ಹುಷಾರಾ ಅಂತ ಕೇಳೋದು ಬಿಟ್ಟೆ, ದಿಂಬು ಕೇಳ್ತೀನಿ.

ಕಿಡ್ನಿ ಹೋಗಿದೆ ಅನ್ನೋದನ್ನ ಪಾದ ನೋಡಿ ಹೇಳೋಕಾಗಲ್ಲ, ಅದಕ್ಕೆ ರಕ್ತ ಮೂತ್ರ ಪರೀಕ್ಷೆ ಬೇಕು, ನಾದಿನಿ ಯಜಮಾನ್ರಿಗೆ ಸಮಾಧಾನವಾಗಿ ಹೇಳಿ. ಆದ್ರೆ ಕಿಡ್ನಿಗೆ ಹೊಡೆತ ಬೀಳೋ ಎರಡು ಕೆಲಸ ಆಗಿದೆಯಾ ಅಂತ ಕೇಳ್ಕೊಳ್ಳಿ. ಒಂದು, ಅತ್ತೆಯ ಮಂಡಿನೋವಿನ ಮಾತ್ರೆಯನ್ನ ಮಾವನೂ ತಗೊಂಡಿದಾರಾ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥವು ನೀರು ಹಿಡಿದಿಡುತ್ತೆ, ಬಿಪಿ ಏರಿಸುತ್ತೆ, ಹಾರ್ಟ್ ವೀಕ್ ಇರೋರಿಗೆ ಬೇಡವೇ ಬೇಡ. ಮನೆಯಲ್ಲಿ ಬೇರೆ ಬೇರೆ ಡಬ್ಬಿಯಲ್ಲಿರೋ ಮಾತ್ರೆ ಟೂರಲ್ಲಿ ಒಂದೇ ಕವರಿಗೆ ಬಂದುಬಿಡುತ್ತೆ, ಅಲ್ಲೇ ಇದು ಆಗೋದು. ಇನ್ನೊಂದು ಎಳನೀರು. ಬಿಸಿಲಿಗೆ ಒಳ್ಳೇದು ಅಂತ ದಿನಕ್ಕೆ ಮೂರು ನಾಲ್ಕು ಕುಡಿಸ್ತಿದ್ರೆ ನಿಲ್ಲಿಸಿ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಟೆಲ್ಮಿಸಾರ್ಟನ್ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತೆ, ಅದನ್ನ ಹೊರಗೆ ಹಾಕೋ ಸಾಮಾನ್ಯ ನೀರಿನ ಮಾತ್ರೆ ನಿಂತಿದೆ. ಪೊಟ್ಯಾಸಿಯಂ ಏರಿದ್ರೆ ಹೃದಯದ ಬಡಿತವೇ ತಪ್ಪುತ್ತೆ. ನಿಮಗೆ ನಮಗೆ ಎಳನೀರು ಅಮೃತವೇ, ಮಾವನಿಗೆ ಸದ್ಯಕ್ಕೆ ಬೇಡ.

ಈಗ ಮಾಡೋದು ಏನು. ಹ್ಯಾವ್‌ಲಾಕ್‌ನಲ್ಲಿ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಬೆಳಿಗ್ಗೆ ಮೊದಲ ಕೆಲಸ ಅಲ್ಲಿಗೆ ಹೋಗಿ ಬಿಪಿ, ಶುಗರ್, ಆಕ್ಸಿಜನ್ ನೋಡಿಸಿ, ಶ್ವಾಸಕೋಶ ಕೇಳಿಸಿ. ಬಿಪಿ ತೀರಾ ಕಮ್ಮಿ ಇಲ್ಲ, ವಾಂತಿ ಭೇದಿ ಇಲ್ಲ ಅಂದ್ರೆ ನೀರಿನ ಮಾತ್ರೆಯನ್ನ ಬರೆದುಕೊಟ್ಟ ಡೋಸಲ್ಲೇ ಮತ್ತೆ ಶುರು ಮಾಡೋದು, ಅಲ್ಲಿನ ಡಾಕ್ಟ್ರ ಎದುರಿಗೇ. ಬಿಟ್ಟಿದ್ದಕ್ಕೆ ಸೇರಿಸಿ ಎರಡು ಮೂರು ಒಟ್ಟಿಗೆ ನುಂಗಿಸೋದು ದೊಡ್ಡ ತಪ್ಪು, ತಲೆ ಸುತ್ತಿ ಬಿದ್ದು ಸೊಂಟ ಮುರ್ಕೊಂಡವರನ್ನ ನೋಡಿದೀನಿ. ಬೋಟ್ ಇರೋ ದಿನ ಏನು ಮಾಡೋದು ಅನ್ನೋದು ನಿಜವಾದ ಕಷ್ಟ, ಮಾವ ಮಾತ್ರೆ ಬಿಟ್ಟಿದ್ದು ಹಠದಿಂದ ಅಲ್ಲ, ಎಲ್ಲರೆದುರು ಮೂತ್ರಕ್ಕೆ ಒದ್ದಾಡಬೇಕಾಗುತ್ತಲ್ಲ ಅನ್ನೋ ಸಂಕೋಚದಿಂದ. ಆ ದಿನ ಮಾತ್ರೆಯ ಹೊತ್ತನ್ನ ಮುಂದಕ್ಕೆ ಹಾಕಬಹುದಾ ಅಂತ ಡಾಕ್ಟ್ರನ್ನ ಕೇಳಿ, ದಡ ಸೇರಿ ರೂಮಿಗೆ ಬಂದ ಮೇಲೆ ತಗೊಂಡ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಪೂರ್ತಿ ಬಿಡೋದಕ್ಕಿಂತ ಅದು ಎಷ್ಟೋ ಮೇಲು. ಈ ಮಾತನ್ನ ಮಗ ಹೇಳಲಿ, ಸೊಸೆ ಎದುರು ಮಾವನಿಗೆ ಮುಜುಗರ ಆಗುತ್ತೆ.

ಶುಗರ್ ಬಗ್ಗೆ ಒಂದು ಮಾತು. ಅಂಡಮಾನ್ ತುಂಬಾ ಪೂರ್ವಕ್ಕಿದೆ ಆದ್ರೆ ಗಡಿಯಾರ ನಮ್ಮದೇ, ಅದಕ್ಕೆ ಅಲ್ಲಿ ಸೂರ್ಯ ನಮ್ಮೂರಿಗಿಂತ ಒಂದು ಗಂಟೆಗೂ ಮೊದಲೇ ಹುಟ್ಟಿ ಮೊದಲೇ ಮುಳುಗ್ತಾನೆ. ಐದಕ್ಕೇ ಬೆಳಕು ಹರಿಯುತ್ತೆ, ಹಿರಿಯರು ಎದ್ದು ಕೂರ್ತಾರೆ, ಮಕ್ಕಳು ಎದ್ದು ರೆಡಿಯಾಗಿ ತಿಂಡಿಗೆ ಹೋಗೋದು ಒಂಬತ್ತಕ್ಕೆ. ಮನೆ ಅಭ್ಯಾಸದಲ್ಲಿ ಎದ್ದ ತಕ್ಷಣ ಗ್ಲಿಮಿಪಿರೈಡ್ ನುಂಗಿ ನಾಲ್ಕು ಗಂಟೆ ಬರೀ ಕಾಫಿಯಲ್ಲಿದ್ರೆ ಶುಗರ್ ಕುಸಿಯುತ್ತೆ, ಬೆವರು, ನಡುಕ, ಮಾತು ತಡವರಿಸೋದು, ಸೆಕೆಗೆ ಸುಸ್ತಾಗಿದೆ ಅಂತ ನೀವು ಅಂದ್ಕೊಂಡುಬಿಡ್ತೀರ. ತಿಂಡಿ ತಟ್ಟೆ ಮುಂದೆ ಬಂದ ಮೇಲೇ ಆ ಮಾತ್ರೆ. ಜೇಬಲ್ಲಿ ಸಕ್ಕರೆ ಪೊಟ್ಟಣ ಇರಲಿ, ಹಾಗಾದಾಗ ಮೂರು ಚಮಚ ನೀರಲ್ಲಿ ಕದಡಿ ಕೊಡಿ, ಹದಿನೈದು ನಿಮಿಷ ಬಿಟ್ಟು ಚೆಕ್ ಮಾಡಿ, ಆಮೇಲೆ ಏನಾದ್ರೂ ತಿನ್ನಿಸಿ. ಇನ್ನೊಂದು, ಬರಿಗಾಲಲ್ಲಿ ಮರಳ ಮೇಲೆ ನಡೆದ್ರೆ ಶುಗರಿಗೆ ಒಳ್ಳೇದು ಅಂತ ಯಾರೋ ಹೇಳಿರ್ತಾರೆ, ದಯವಿಟ್ಟು ಬೇಡ. ಹಳೇ ಶುಗರಲ್ಲಿ ಪಾದದ ಸ್ಪರ್ಶ ಕಮ್ಮಿಯಾಗಿರುತ್ತೆ, ಕಾದ ಮರಳು ಸುಟ್ಟರೂ ಹವಳದ ಚೂರು ಕೊಯ್ದರೂ ಗೊತ್ತಾಗಲ್ಲ. ಇವತ್ತು ರಾತ್ರಿ ಮೊಮ್ಮಗಳ ಕೈಗೆ ಟಾರ್ಚ್ ಕೊಟ್ಟು ಅಜ್ಜನ ಅಂಗಾಲು, ಬೆರಳ ಸಂದಿ ನೋಡೋಕೆ ಹೇಳಿ, ಮೊಮ್ಮಗಳು ಕೇಳಿದ್ರೆ ಅಜ್ಜ ಕಾಲು ಕೊಡ್ತಾರೆ.

ಮಗುವಿನ ವಿಷಯಕ್ಕೆ ಬರ್ತೀನಿ. ಹಾಲು ಅನ್ನ ಎಲ್ಲಾ ನಿಲ್ಲಿಸಿ ಹೊಟ್ಟೆ ಖಾಲಿ ಬಿಡೋದು ನಮ್ಮಲ್ಲಿ ಹಳೇ ಪದ್ಧತಿ, ಅದರಿಂದ ಮಗು ಇನ್ನೂ ಸೋಲುತ್ತೆ. ಭೇದಿ ನಿಲ್ಲಿಸೋದು ನಮ್ಮ ಕೆಲಸ ಅಲ್ಲ, ಹೋದ ನೀರು-ಉಪ್ಪನ್ನ ವಾಪಸ್ ಕೊಡೋದು ನಮ್ಮ ಕೆಲಸ. ಮೆಡಿಕಲ್ ಶಾಪಲ್ಲಿ ಡಬ್ಲ್ಯೂಎಚ್ಒ ಫಾರ್ಮುಲಾ ಅಂತ ಬರೆದಿರೋ ಓಆರ್‌ಎಸ್ ಪುಡಿ ಕೇಳಿ, ದೊಡ್ಡ ಪ್ಯಾಕೆಟ್ಟಾದ್ರೆ ಒಂದು ಲೀಟರ್ ನೀರಿಗೆ ಪೂರ್ತಿ ಒಂದು ಪ್ಯಾಕೆಟ್, ಅರ್ಧ ಅರ್ಧ ಮಾಡೋದು ಬೇಡ, 24 ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿ. ಅಂಗಡಿಯಲ್ಲಿ ಸಿಗೋ ಸಿಹಿ ಪಾನೀಯದ ಡಬ್ಬ ಇದಕ್ಕೆ ಬದಲಿ ಅಲ್ಲ, ಸಕ್ಕರೆ ಜಾಸ್ತಿಯಾಗಿ ಭೇದಿ ಹೆಚ್ಚುತ್ತೆ. ಐದು ವರ್ಷದವನಿಗೆ ಪ್ರತಿ ಭೇದಿ ಆದ್ಮೇಲೆ 100ರಿಂದ 200 ಎಂಎಲ್, ಗುಟುಕು ಗುಟುಕಾಗಿ, ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ. ಜೊತೆಗೆ ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು. ಜಿಂಕ್ 20 ಎಂಜಿ ದಿನಕ್ಕೆ ಒಂದು, ಭೇದಿ ನಿಂತ್ರೂ 14 ದಿನ ಪೂರ್ತಿ ಕೊಡಿ. ಭೇದಿ ನಿಲ್ಲೋಕೆ ದೊಡ್ಡವರು ನುಂಗೋ ಲೋಪೆರಮೈಡ್ ಮಗುಗೆ ಕೊಡಬೇಡಿ, ಆಂಟಿಬಯೋಟಿಕ್ ಕೂಡ ನೀವಾಗಿ ಬೇಡ. ಆರು ಗಂಟೆ ಮೂತ್ರ ಇಲ್ಲ, ಕಣ್ಣು ಗುಳಿ ಬಿದ್ದಿದೆ, ಜೋಮು ಹಿಡಿದ ಹಾಗೆ ಮಲಗಿದಾನೆ, ರಕ್ತ ಕಾಣ್ತು ಅಂದ್ರೆ ಆಸ್ಪತ್ರೆಗೆ. ಅವನಿಗೆ ತೊಳೆಸಿದ ಕೈಯನ್ನ ಸೋಪಲ್ಲಿ ತೊಳೀದೆ ಯಾರೂ ಮಾವನ ತಟ್ಟೆ ಮುಟ್ಟಬೇಡಿ, ಯಾಕಂದ್ರೆ ಇದೇ ಭೇದಿ ಮಾವನಿಗೆ ಹತ್ತಿದ್ರೆ ಲೆಕ್ಕ ಪೂರ್ತಿ ತಿರುಗುತ್ತೆ. ಮೈಯಲ್ಲಿ ನೀರು ಕಮ್ಮಿಯಾದಾಗ ನೀರಿನ ಮಾತ್ರೆ, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು, ಆಗ ತಕ್ಷಣ ಡಾಕ್ಟ್ರಿಗೆ ಫೋನ್ ಮಾಡಿ.

ಸ್ಕೂಬಾ ಬಗ್ಗೆ ಚರ್ಚೆ ಬೇಡ, ಹಾರೋ ದಿನ ಬೆಳಿಗ್ಗೆ ಆಗಲ್ಲ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತೆ, ನಿಧಾನವಾಗಿ ಹೊರಗೆ ಬರಬೇಕು. ವಿಮಾನದ ಒಳಗಿನ ಒತ್ತಡ ಆರೇಳು ಸಾವಿರ ಅಡಿ ಬೆಟ್ಟದ ಮೇಲಿದ್ದ ಹಾಗೆ, ಅಷ್ಟು ಬೇಗ ಮೇಲೆ ಹೋದ್ರೆ ಸೋಡಾ ಬಾಟಲಿ ಮುಚ್ಚಳ ತೆಗೆದಂಗೆ ಗುಳ್ಳೆ ಏಳುತ್ತೆ, ಕೀಲುನೋವಿಂದ ಹಿಡಿದು ಲಕ್ವದ ತನಕ ಆಗಬಹುದು. ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದ್ರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ನಾಳೆ ಬೆಳಿಗ್ಗೆಗೆ ಬದಲಾಯಿಸಿಕೊಳ್ಳಲಿ, ಇಲ್ಲ ಅಂದ್ರೆ ನೀರಿನ ಮೇಲೇ ತೇಲೋ ಸ್ನಾರ್ಕೆಲಿಂಗ್ ಮಾಡಲಿ, ಅದಕ್ಕೆ ಈ ತೊಂದರೆ ಇಲ್ಲ.

ಇರೋದಾ ಬರೋದಾ ಅಂತ ಕೇಳಿದ್ರಲ್ಲ. ಮಾವನಿಗೆ ಉಸಿರಿನ ತೊಂದರೆ ಇಲ್ಲ, ಮಗು ಕುಡೀತಿದೆ ಆಡ್ತಿದೆ ಅಂದ್ರೆ ದುಬಾರಿ ಟಿಕೆಟ್ ತಗೊಂಡು ನಾಳೆಯೇ ಓಡಿ ಬರೋ ಅಗತ್ಯ ಕಾಣಲ್ಲ, ಅವಸರದ ಪ್ರಯಾಣವೇ ಮಾವನಿಗೆ ಹೆಚ್ಚು ಭಾರ. ಆದ್ರೆ ಕೊನೇ ದಿನದ ತನಕ ಹ್ಯಾವ್‌ಲಾಕ್‌ನಲ್ಲಿ ಕೂರೋದೂ ಸರಿಯಲ್ಲ. ಹವಾಮಾನ ಕೆಟ್ಟು ಬೋಟ್ ನಿಂತ್ರೆ ಫ್ಲೈಟೂ ಹೋಯ್ತು, ದೊಡ್ಡ ಆಸ್ಪತ್ರೆಯೂ ಸಮುದ್ರದ ಆಚೆ ಉಳೀತು. ನನ್ನ ಸಲಹೆ, ಒಂದು ದಿನ ಮೊದಲೇ ಪೋರ್ಟ್‌ಬ್ಲೇರಿಗೆ ಬನ್ನಿ, ಈಗ ಶ್ರೀ ವಿಜಯಪುರಂ ಅಂತಾರೆ. ಅಲ್ಲಿ ಗೋವಿಂದ ಬಲ್ಲಭ ಪಂತ್ ಆಸ್ಪತ್ರೆ ಇದೆ, ಇಸಿಜಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಎಲ್ಲಾ ನೋಡಿಸಬಹುದು. ಬೋಟಲ್ಲಿ ವಾಂತಿ ಮಾತ್ರೆ ಮಾವನಿಗೆ ಕೊಡಬೇಡಿ, ವಯಸ್ಸಾದವರಿಗೆ ಅದು ಮಂಪರು, ಮೂತ್ರ ಕಟ್ಟೋದು ಎರಡೂ ಮಾಡುತ್ತೆ, ಬೋಟಿನ ಮಧ್ಯ ಭಾಗದಲ್ಲಿ ಕೂರಿಸಿ. ಸೆಲ್ಯುಲರ್ ಜೈಲು ನೋಡೋ ಆಸೆ ಅವ್ರಿಗೆ ಇದ್ದೇ ಇರುತ್ತೆ, ಬಿಸಿಲು ಇಳಿದ ಮೇಲೆ ಕರ್ಕೊಂಡು ಹೋಗಿ, ಮಹಡಿ ಹತ್ತಿಸಬೇಡಿ, ಕೆಳಗೆ ಕೂತು ನೋಡಲಿ. ಮಾತ್ರೆ ಇವತ್ತೇ ಎಣಿಸಿ, ಊರು ಸೇರಿ ಮೂರು ದಿನಕ್ಕಾಗೋಷ್ಟು ಇಲ್ಲದಿದ್ರೆ ಚೀಟಿ ಮತ್ತೆ ಖಾಲಿ ಸ್ಟ್ರಿಪ್ ತೋರಿಸಿ ಅದೇ ಔಷಧದ ಹೆಸರು, ಅದೇ ಎಂಜಿ ನೋಡಿ ತಗೊಳ್ಳಿ, ಕಂಪನಿ ಬೇರೆ ಆದ್ರೆ ಪರವಾಗಿಲ್ಲ.

ಎಲ್ಲರೂ ವಿಮಾನಕ್ಕೆ ಹೆದರ್ತಾರೆ, ಮಾವನಿಗೆ ವಿಮಾನಕ್ಕಿಂತ ಕಷ್ಟ ಬೆಂಗಳೂರಿಂದ ತೀರ್ಥಹಳ್ಳಿ. ಮೂರು ಗಂಟೆ ಹಾರಿ ಬಂದು ಅದೇ ರಾತ್ರಿ ಟೆಂಪೋ ಟ್ರಾವೆಲರಲ್ಲಿ ಏಳು ಗಂಟೆ ಕಾಲು ಮಡಚಿ ಕೂತ್ರೆ ರಕ್ತ ಹೆಪ್ಪುಗಟ್ಟೋ ಅಪಾಯ ಅಲ್ಲಿರೋದು, ನಾಲ್ಕು ಗಂಟೆ ಮೀರಿದ ಯಾವ ಪ್ರಯಾಣಕ್ಕೂ ಇದು ಅನ್ವಯ. ಬೆಂಗಳೂರಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳ್ಕೊಳ್ಳಿ, ಬೆಳಿಗ್ಗೆ ಟ್ರೇನಲ್ಲಿ ಶಿವಮೊಗ್ಗಕ್ಕೆ ಬನ್ನಿ, ಎದ್ದು ಓಡಾಡಬಹುದು, ಟಾಯ್ಲೆಟ್ ಇದೆ, ನೀರಿನ ಮಾತ್ರೆ ಬಿಡೋ ನೆಪವೂ ಇರಲ್ಲ. ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಗೆ ವಿಮಾನ ಸಿಕ್ಕಿದ್ರೆ ಇನ್ನೂ ಸುಲಭ. ಕಾರೇ ಗತಿ ಅಂದ್ರೆ ಒಂದೂವರೆ ಗಂಟೆಗೊಮ್ಮೆ ಇಳಿಸಿ ನಡೆಸಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ತಿರಲಿ. ಬಿಗಿ ಸಾಕ್ಸ್ ಹಾಕಿಸ್ತೀನಿ ಅಂತೀರೇನೋ, ಶುಗರ್ ಇರೋರಿಗೆ ಕಾಲಿನ ರಕ್ತ ಓಡಾಟ ನೋಡದೆ ಅದು ಬೇಡ.

ಊರಿಗೆ ಬಂದ ಮೇಲೆ ಒಂದು ತಿಂಗಳು ಒಂದು ವಿಷಯ ನೆನಪಿಟ್ಟುಕೊಳ್ಳಿ, ಎಂಟು ಜನಕ್ಕೂ. ಯಾರಿಗೇ ಜ್ವರ ಬಂದ್ರೂ "ಅಂಡಮಾನ್‌ಗೆ ಹೋಗಿದ್ವಿ, ಇಂಥ ದಿನ ಬಂದ್ವಿ" ಅಂತ ಮೊದಲ ವಾಕ್ಯದಲ್ಲೇ ಡಾಕ್ಟ್ರಿಗೆ ಹೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದಾಗಿನಿಂದ ಬೇಸಿಗೆ ತಿಂಗಳಲ್ಲಿ ಮಲೆನಾಡಲ್ಲಿ ಜ್ವರ ಅಂದ್ರೆ ನಮ್ಮ ತಲೆಗೆ ಮೊದಲು ಬರೋದು ಮಂಗನ ಕಾಯಿಲೆ, ಅದು ಸರಿಯೇ, ತೋಟಕ್ಕೆ ಕಾಡಿಗೆ ಹೋಗಿದ್ರೆ ಅದನ್ನೂ ಹೇಳಿ. ಆದ್ರೆ ದ್ವೀಪದಿಂದ ಡೆಂಗ್ಯೂ ಬಂದಿರಬಹುದು, ಅದು ಕಾಣಿಸೋದು ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ, ಮಲೇರಿಯಾ ಸಾಮಾನ್ಯವಾಗಿ ಒಂದು ವಾರದಿಂದ ಒಂದು ತಿಂಗಳ ಒಳಗೆ, ಅಂಡಮಾನ್‌ನಲ್ಲಿ ಇಲಿ ಜ್ವರ ಕೂಡ ಇದೆ. ಒಂದೊಂದಕ್ಕೆ ಒಂದೊಂದು ಟೆಸ್ಟು, ಹೇಳದಿದ್ರೆ ಯಾರೂ ಮಾಡಿಸಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಡೆಂಗ್ಯೂ ಆಗಿದ್ರೆ ರಕ್ತಸ್ರಾವ ಆಗಬಹುದು.

ಮಾವನನ್ನ ಮಾತ್ರ ಜ್ವರ ಬರಲಿ ಬಿಡಲಿ, ಬಂದ ಎರಡು ಮೂರು ದಿನದೊಳಗೆ ಅವ್ರ ಹಾರ್ಟ್ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ತೂಕ ನೋಡಿಸಿ, ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿ, ಎಲ್ಲಾ ಸ್ಟ್ರಿಪ್ಪನ್ನೂ ಖಾಲಿ ಇದ್ರೂ ತಗೊಂಡು ಹೋಗಿ. ಒಳಗೆ ಹೋಗುವಾಗ ಅತ್ತೆ ಜೊತೆಗಿರಲಿ, ದಿಂಬಿನ ಲೆಕ್ಕ ಅವ್ರೇ ಹೇಳ್ತಾರೆ.